ಕೂಲಂಟ್ ತಾಪಮಾನ ಸೆನ್ಸರಿನ ಕನೆಕ್ಟರ್ ಹಾಳಾಗಿದೆ: ವೈರಿನ ಜೋಡಣೆಯನ್ನು ಸರಿಪಡಿಸುವುದು ಹೇಗೆ?

ನೀಲಿ ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೆಲವು ವಾರಗಳಿಂದ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ತಾನಾಗಿಯೇ ಆರುತ್ತದೆ. ತೊಂದರೆ ಕಾಣಿಸಿಕೊಂಡಾಗಲೆಲ್ಲ, ಎಂಜಿನ್ ಇನ್ನೂ ತಣ್ಣಗಿದ್ದರೂ ರೇಡಿಯೇಟರ್ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗತೊಡಗುತ್ತದೆ, ಎಸಿ ನಿಂತುಹೋಗುತ್ತದೆ. ಸ್ಕ್ಯಾನರ್ ಹಾಕಿ ನೋಡಿದಾಗ ಸಿಕ್ಕಿದ ಕೋಡ್ ಪಿ0118.

ಥರ್ಮೋಸ್ಟ್ಯಾಟಿನ (ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟದ) ಪಕ್ಕದಲ್ಲಿರುವ ಎರಡು ಪಿನ್ನಿನ ಸೆನ್ಸರನ್ನು ಪರೀಕ್ಷಿಸಿದೆ. ಕನೆಕ್ಟರನ್ನು ಹಿಡಿದಿಡಬೇಕಾದ ಪ್ಲಾಸ್ಟಿಕ್ ಕೊಕ್ಕೆ ಮುರಿದುಹೋಗಿದೆ. ಅದಕ್ಕಿಂತ ಸ್ವಲ್ಪ ಹಿಂದೆ, ಕಾರಿನ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಎರಡೂ ವೈರುಗಳನ್ನು ಕತ್ತರಿಸಿ, ಎಳೆಗಳನ್ನು ಬರಿದೇ ಹೊಸೆದು, ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಬಿಸಿಗೆ ಟೇಪಿನ ಅಂಟು ಕರಗಿ ಹೊರಗೆ ಹರಿದಿದೆ. ನನ್ನ ಪ್ರಶ್ನೆಗಳು ಇವು: ಸೆನ್ಸರನ್ನೇ ಬದಲಾಯಿಸಬೇಕೇ, ಕನೆಕ್ಟರನ್ನು ಮಾತ್ರ ಬದಲಾಯಿಸಿದರೆ ಸಾಕೇ, ಅಥವಾ ಹೊಸ ಟೇಪ್ ಸುತ್ತಿ ಕನೆಕ್ಟರನ್ನು ಕೇಬಲ್ ಟೈಯಿಂದ ಬಿಗಿದರೆ ನಡೆಯುತ್ತದೆಯೇ?

ತಾಮ್ರದ ಎಳೆ

ಯಾವುದನ್ನು ಬದಲಾಯಿಸಬೇಕು ಎಂಬುದನ್ನು ಅಳತೆ ಮಾಡಿದ ಮೇಲೆ ನಿರ್ಧರಿಸೋಣ. ಈ ಸರ್ಕ್ಯೂಟ್ ಬಹಳ ಸರಳವಾದದ್ದು, ಆದ್ದರಿಂದ ಊಹೆಯ ಅಗತ್ಯವೇ ಇಲ್ಲ.

ಸೆನ್ಸರಿನ ಒಳಗಿರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರನ್ನು ತೆಗೆದುಕೊಂಡರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 320 ಓಮ್, 100 ಡಿಗ್ರಿಯಲ್ಲಿ ಸುಮಾರು 187 ಓಮ್ ಇರುತ್ತದೆ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಂಕಿಗಳು ಸ್ವಲ್ಪ ಬೇರೆಯಾಗಿರಬಹುದು. ಅಂತಿಮವಾಗಿ ಅವನ್ನೇ ನಂಬಿ. ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ತನ್ನೊಳಗಿನ ಒಂದು ಸ್ಥಿರ ರೆಸಿಸ್ಟರಿನ ಮೂಲಕ 5 ವೋಲ್ಟನ್ನು ಸಿಗ್ನಲ್ ವೈರಿಗೆ ಕೊಡುತ್ತದೆ. ಇನ್ನೊಂದು ವೈರು ಇಸಿಯುವಿನ ಒಳಗಿನ ಗ್ರೌಂಡಿಗೆ ಮರಳುತ್ತದೆ. ಸಿಗ್ನಲ್ ವೈರಿನಲ್ಲಿ ಉಳಿಯುವ ವೋಲ್ಟೇಜನ್ನು ಓದಿ ಇಸಿಯು ತಾಪಮಾನವನ್ನು ಲೆಕ್ಕ ಹಾಕುತ್ತದೆ.

ವೈರು ಎಲ್ಲಿಯಾದರೂ ಕಡಿದರೆ ಸಿಗ್ನಲ್ ನೇರವಾಗಿ 5 ವೋಲ್ಟಿಗೆ ಏರುತ್ತದೆ, ಇಸಿಯು ಅದನ್ನು ಮೈನಸ್ 40 ಡಿಗ್ರಿ ಎಂದು ಓದುತ್ತದೆ. ಪಿ0118 ಎಂದರೆ ಇದೇ, ವೋಲ್ಟೇಜ್ ಮೇಲಿನ ಮಿತಿಯನ್ನು ದಾಟಿದೆ ಎಂದು. ಎರಡು ವೈರುಗಳು ಒಂದಕ್ಕೊಂದು ತಗುಲಿದರೆ ಅಥವಾ ಸಿಗ್ನಲ್ ವೈರು ಕಾರಿನ ಲೋಹದ ಮೈಗೆ ತಗುಲಿದರೆ ಪಿ0117 ಬರುತ್ತದೆ. ನಿಜವಾದ ತಾಪಮಾನ ತಿಳಿಯದೆ ಹೋದಾಗ ಎಂಜಿನ್ ಅತಿಯಾಗಿ ಕಾಯದಿರಲೆಂದು ಇಸಿಯು ಫ್ಯಾನನ್ನು ಓಡಿಸಿ ಎಸಿಯನ್ನು ನಿಲ್ಲಿಸುತ್ತದೆ. ಆದ್ದರಿಂದ ನಿಮ್ಮ ಫ್ಯಾನಿನಲ್ಲಿ ದೋಷವಿಲ್ಲ.

ಮೂರು ಪರೀಕ್ಷೆಗಳನ್ನು ಮಾಡಿ. ಮೊದಲನೆಯದು, ಕಾರು ರಾತ್ರಿಯಿಡೀ ನಿಂತಿದ್ದ ಮೇಲೆ ಇಗ್ನಿಷನ್ ಮಾತ್ರ ಹಾಕಿ, ಸ್ಕ್ಯಾನರಿನಲ್ಲಿ ಕೂಲಂಟಿನ ತಾಪಮಾನವನ್ನೂ ಎಂಜಿನ್ನಿಗೆ ಸೇರುವ ಗಾಳಿಯ ತಾಪಮಾನವನ್ನೂ ಹೋಲಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡನೆಯದು, ಕನೆಕ್ಟರನ್ನು ಕಳಚಿದಾಗ ಮೈನಸ್ 40 ಬರುತ್ತದೆಯೇ ನೋಡಿ. ಮೂರನೆಯದು, ಕಳಚಿದ ಕನೆಕ್ಟರಿನ ಎರಡೂ ಟರ್ಮಿನಲ್‌ಗಳನ್ನು ಸಣ್ಣ ತಂತಿಯಿಂದ ಜೋಡಿಸಿ ಸ್ಕ್ಯಾನರ್ ಎಷ್ಟು ತೋರಿಸುತ್ತದೆ ಎಂಬುದನ್ನು ಬರೆದುಕೊಳ್ಳಿ. ಇಸಿಯುವಿನೊಳಗಿನ ರೆಸಿಸ್ಟರ್ ಕರೆಂಟನ್ನು ಮಿತಿಗೊಳಿಸುವುದರಿಂದ ಎರಡು ಪಿನ್ನಿನ ಸೆನ್ಸರಿನಲ್ಲಿ ಈ ಜೋಡಣೆಯಿಂದ ಹಾನಿಯಿಲ್ಲ. ಟೆಸ್ಟ್ ಲ್ಯಾಂಪನ್ನು ಮಾತ್ರ ಈ ವೈರುಗಳ ಹತ್ತಿರ ತರಬೇಡಿ.

ಇನ್ನೊಂದು ಮಾತು. ಮಲ್ಟಿಮೀಟರಿನ ದಪ್ಪ ಮೊನೆಯನ್ನು ಕನೆಕ್ಟರಿನ ಬಾಯಿಗೆ ತುರುಕಬೇಡಿ. ಒಳಗಿನ ಟರ್ಮಿನಲ್ ಅಗಲವಾಗಿಬಿಟ್ಟರೆ ಮುಂದೆ ಅದು ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಇಲ್ಲದ ದೋಷವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಕನೆಕ್ಟರಿನ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ತೆಳುವಾದ ಸೂಜಿಯನ್ನು ಜಾರಿಸಿ ಅಳೆಯಿರಿ.

ಹಳೆಯ ಸ್ಪ್ಯಾನರ್

ಮೇಲಿನ ಉತ್ತರಕ್ಕೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಅನೇಕ ಕಾರುಗಳಲ್ಲಿ ಎಂಜಿನ್ ಬಂದ್ ಆಗಿದ್ದರೂ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಲ್ಲದು, ಅದರಲ್ಲೂ ಈ ಕನೆಕ್ಟರನ್ನು ಕಳಚಿ ಇಗ್ನಿಷನ್ ಹಾಕಿದರೆ ತಿರುಗಿಯೇ ತಿರುಗುತ್ತದೆ ಎಂದುಕೊಳ್ಳಿ. ಕೈ, ತೋಳಿನ ಬಟ್ಟೆ, ಮೀಟರಿನ ವೈರು ಯಾವುದೂ ಅದರ ಹತ್ತಿರ ಇರಬಾರದು. ಎರಡನೆಯದಾಗಿ, ಎಂಜಿನ್ ಬಿಸಿಯಿರುವಾಗ ಕೂಲಂಟಿನ ಮುಚ್ಚಳವನ್ನೂ ಸೆನ್ಸರನ್ನೂ ಸಡಿಲಿಸಬೇಡಿ. ಒಳಗೆ ಒತ್ತಡವಿರುತ್ತದೆ, ಆ ಒತ್ತಡದಿಂದಾಗಿಯೇ 100 ಡಿಗ್ರಿ ದಾಟಿದರೂ ಕುದಿಯದೆ ಇರುವ ದ್ರವ, ಮುಚ್ಚಳ ತೆರೆದೊಡನೆ ಕುದಿದು ಮೈಮೇಲೆ ಚಿಮ್ಮುತ್ತದೆ.

ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ತಾಪಮಾನ ಮೀಟರಿನ ಮುಳ್ಳಿಗೆ ಒಂದು ಸೆನ್ಸರ್, ಇಸಿಯುವಿಗೆ ಮತ್ತೊಂದು ಸೆನ್ಸರ್ ಬೇರೆಬೇರೆಯಾಗಿ ಇರುವುದುಂಟು. ಒಂದೇ ವೈರು ಇದ್ದರೆ ಅದು ಸಾಮಾನ್ಯವಾಗಿ ಮುಳ್ಳಿನದು. ನಿಮ್ಮದು ಎರಡು ಪಿನ್ನಿನದು, ಜೊತೆಗೆ ಕೋಡ್ ಕೂಡ ಬಂದಿದೆ, ಹಾಗಾಗಿ ಸರಿಯಾದ ಸೆನ್ಸರನ್ನೇ ಹಿಡಿದಿದ್ದೀರಿ.

ನೀಲಿ ಹ್ಯಾಚ್‌ಬ್ಯಾಕ್

ಪರೀಕ್ಷೆಗಳನ್ನು ಮಾಡಿದೆ. ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಕೂಲಂಟ್ 23 ಡಿಗ್ರಿ, ಗಾಳಿ 24 ಡಿಗ್ರಿ ತೋರಿಸಿತು. ಕನೆಕ್ಟರ್ ಕಳಚಿದಾಗ ಮೈನಸ್ 40 ಬಂತು. ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿದಾಗ 129 ಡಿಗ್ರಿಗೆ ಏರಿ ಅಲ್ಲಿಯೇ ನಿಂತಿತು. ಮತ್ತೆ ಕನೆಕ್ಟರ್ ಹಾಕಿ ಎಂಜಿನ್ ಓಡಿಸುತ್ತ ವೈರನ್ನು ಅಲುಗಾಡಿಸಿದರೆ ಕ್ಷಣಕಾಲ ಮೈನಸ್ 40ಕ್ಕೆ ಬಿದ್ದು ಮರಳುತ್ತದೆ. ಅಲುಗಾಡಿಸದೆ ಬಿಟ್ಟರೆ ಪೂರ್ತಿ ಬಿಸಿಯಾದ ಮೇಲೆ 78, 79ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ತಣ್ಣಗಿದ್ದಾಗ ಸರಿಯಾದ ಅಂಕಿ ಬಂದದ್ದರಿಂದ ಸೆನ್ಸರೂ ವೈರೂ ಚೆನ್ನಾಗಿವೆ, ಕೊಕ್ಕೆ ಮುರಿದದ್ದೊಂದೇ ತೊಂದರೆ ಎಂದು ತಿಳಿಯಬಹುದೇ? ಹಾಗಿದ್ದರೆ ಕೇಬಲ್ ಟೈ ಸಾಕಾಗುತ್ತದೆ.

ತಾಮ್ರದ ಎಳೆ

ಸಾಕಾಗುವುದಿಲ್ಲ. ನೀವು ಕೊಟ್ಟಿರುವ ಅಂಕಿಗಳಲ್ಲಿ ಎರಡು ನನಗೆ ಸಂಶಯ ಹುಟ್ಟಿಸುತ್ತಿವೆ: 129 ಮತ್ತು 79.

ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿದಾಗ ಸರ್ಕ್ಯೂಟಿನ ರೋಧ ಸೊನ್ನೆಗೆ ಹತ್ತಿರ ಬಂದು, ಸ್ಕ್ಯಾನರ್ ತನ್ನ ಮೇಲಿನ ತುದಿಯ ಮಿತಿಗೆ ಹೋಗಿ ನಿಲ್ಲಬೇಕು. ಆ ಮಿತಿ ಎಷ್ಟು ಎಂಬುದು ಕಾರಿನಿಂದ ಕಾರಿಗೆ ಬೇರೆಯಾದರೂ ಅನೇಕ ಕಾರುಗಳಲ್ಲಿ 140 ಡಿಗ್ರಿ ಅಥವಾ ಅದಕ್ಕಿಂತ ಮೇಲಿರುತ್ತದೆ. ನಾನು ಹಿಂದೆ ಹೇಳಿದ ಬಗೆಯ ಸೆನ್ಸರಿನ ಪಟ್ಟಿಯಲ್ಲಿ 130 ಡಿಗ್ರಿಗೆ ಸುಮಾರು 90 ಓಮ್ ಇದೆ. ಅಂದರೆ ಸೆನ್ಸರೇ ಇಲ್ಲದ, ಬರೀ ವೈರುಗಳ ಸುತ್ತಿನಲ್ಲಿ ಸುಮಾರು 90 ಓಮ್ ಎಲ್ಲೋ ಅಡಗಿ ಕೂತಿದೆ. ಒಳ್ಳೆಯ ವೈರಿನಲ್ಲಿ ಅದು ಒಂದು ಓಮಿನಷ್ಟೂ ಇರಬಾರದು.

ಹಾಗಾದರೆ ತಣ್ಣಗಿದ್ದಾಗ ಅಂಕಿ ಸರಿಯಾಗಿ ಬಂದದ್ದು ಹೇಗೆ? ಥರ್ಮಿಸ್ಟರಿನ ಸ್ವಭಾವದಿಂದಾಗಿ. 20 ಡಿಗ್ರಿಯ ಹತ್ತಿರ ಅದರ ರೋಧ 2,500 ಓಮ್. ಒಂದು ಡಿಗ್ರಿ ವ್ಯತ್ಯಾಸಕ್ಕೆ ಅಲ್ಲಿ ನೂರು ಓಮಿನಷ್ಟು ಬದಲಾಗುತ್ತದೆ. ಹಾಗಾಗಿ 90 ಓಮ್ ಹೆಚ್ಚುವರಿ ಸೇರಿದರೆ ಒಂದು ಡಿಗ್ರಿಯೂ ತಪ್ಪುವುದಿಲ್ಲ. ಆದರೆ 90 ಡಿಗ್ರಿಯಲ್ಲಿ ಸೆನ್ಸರಿನದೇ ರೋಧ ಸುಮಾರು 243 ಓಮ್. ಅದಕ್ಕೆ 90 ಕೂಡಿದರೆ 333 ಓಮ್ ಆಗಿ, ಇಸಿಯುವಿಗೆ ಸುಮಾರು 79 ಡಿಗ್ರಿ ಎಂದು ಕಾಣುತ್ತದೆ. ನಿಮಗೆ ಕಂಡದ್ದೂ ಅಷ್ಟೇ. ಕೆಟ್ಟ ಜೋಡಣೆ ತಣ್ಣಗಿರುವಾಗ ತನ್ನನ್ನು ಮರೆಮಾಚಿಕೊಳ್ಳುತ್ತದೆ, ಬಿಸಿಯಾದಾಗ ಸುಳ್ಳು ಹೇಳುತ್ತದೆ.

ಈ ಸುಳ್ಳು ಬಿಸಿಯೊಡನೆ ದೊಡ್ಡದಾಗುತ್ತ ಹೋಗುತ್ತದೆ ಎಂಬುದೇ ನಿಜವಾದ ಅಪಾಯ. ಇಸಿಯು 95 ಡಿಗ್ರಿಗೆ ಫ್ಯಾನನ್ನು ಹಾಕುತ್ತದೆ ಎಂದಿಟ್ಟುಕೊಳ್ಳಿ. 95 ಡಿಗ್ರಿ ಎಂದರೆ ಸುಮಾರು 213 ಓಮ್. ಅದರಲ್ಲಿ 90 ಓಮ್ ವೈರಿನದು, ಉಳಿದ 123 ಓಮ್ ಸೆನ್ಸರಿನದು. 123 ಓಮ್ ಎಂದರೆ ನಿಜವಾದ ತಾಪಮಾನ ಸುಮಾರು 117 ಡಿಗ್ರಿ. ಅಷ್ಟು ಕಾಯುವವರೆಗೆ ಫ್ಯಾನ್ ತಿರುಗುವುದೇ ಇಲ್ಲ! ಹೆದ್ದಾರಿಯಲ್ಲಿ ಎದುರುಗಾಳಿ ರೇಡಿಯೇಟರನ್ನು ತಂಪಾಗಿಡುವುದರಿಂದ ಏನೂ ತಿಳಿಯದು; ವಾಹನ ದಟ್ಟಣೆಯಲ್ಲಿ ನಿಂತಾಗ ತೊಂದರೆ ಎದುರಾಗುತ್ತದೆ. ಇಷ್ಟು ದಿನ ನಿಮ್ಮ ಎಂಜಿನ್ನಿಗೆ ಏನೂ ಆಗಿಲ್ಲದಿದ್ದರೆ ಅದಕ್ಕೆ ಕಾರಣ, ವೈರು ಆಗಾಗ ಪೂರ್ತಿ ಕಡಿದು ಇಸಿಯು ತಾನಾಗಿ ಫ್ಯಾನ್ ಓಡಿಸುತ್ತಿದ್ದದ್ದು. ಕೇಬಲ್ ಟೈ ಬಿಗಿದು ಕಡಿತವನ್ನು ಮಾತ್ರ ನಿಲ್ಲಿಸಿ 90 ಓಮನ್ನು ಹಾಗೆಯೇ ಬಿಟ್ಟರೆ ದೀಪ ಆರುತ್ತದೆ, ಕೋಡ್ ಹೋಗುತ್ತದೆ, ಅಪಾಯ ಮೊದಲಿಗಿಂತ ಹೆಚ್ಚಾಗುತ್ತದೆ.

ಸಂಶಯದ ಮೀಟರ್

ಲೆಕ್ಕ ಸೊಗಸಾಗಿದೆ, ಆದರೆ 79 ಡಿಗ್ರಿಯಲ್ಲಿ ನಿಲ್ಲುವುದಕ್ಕೆ ಬೇರೆ ಕಾರಣವೂ ಇರಬಹುದಲ್ಲವೇ? ಥರ್ಮೋಸ್ಟ್ಯಾಟ್ ತೆರೆದೇ ಸಿಕ್ಕಿಕೊಂಡಿದ್ದರೂ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ವೈರಿಗೆ ಕೈಹಾಕುವ ಮೊದಲು ಎರಡನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಥರ್ಮೋಸ್ಟ್ಯಾಟ್ ಗೂಡಿನ ತಾಪಮಾನವನ್ನು ಅಳೆದರೆ ತಿಳಿಯುವುದಿಲ್ಲವೇ?

ತಾಮ್ರದ ಎಳೆ

ಒಳ್ಳೆಯ ಪ್ರಶ್ನೆ. ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡಿದ್ದರೆ ಬರುವ ಸಾಮಾನ್ಯ ಕೋಡ್ ಪಿ0128. ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ವೇಗವಾಗಿ ಓಡಿಸಿದಾಗ ತಾಪಮಾನ ಇನ್ನೂ ಇಳಿಯುತ್ತದೆ. ಆದರೆ ಆ ದೋಷದಿಂದ ಜೋಡಣೆಯ ಪರೀಕ್ಷೆಯಲ್ಲಿ 129 ಬರಲು ಸಾಧ್ಯವಿಲ್ಲ. ಇನ್‌ಫ್ರಾರೆಡ್ ಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಗೂಡಿನ ಮೇಲೆ ಮ್ಯಾಟ್ ಕಪ್ಪು ಬಣ್ಣ ಅಥವಾ ಟೇಪಿನ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಅಳೆದರೆ ಅಂದಾಜಿಗೆ ಸಾಕು.

ಅದಕ್ಕಿಂತ ನಂಬಿಕೆಗೆ ಅರ್ಹವಾದ ವಿಧಾನ ವೋಲ್ಟೇಜಿನ ಅಳತೆ. ಕನೆಕ್ಟರ್ ಕಳಚಿ ಇಗ್ನಿಷನ್ ಹಾಕಿದಾಗ, ಬ್ಯಾಟರಿಯ ನೆಗೆಟಿವ್‌ಗೆ ಹೋಲಿಸಿ 5 ವೋಲ್ಟ್ ಬರುವುದು ಸಿಗ್ನಲ್ ವೈರು, ಸೊನ್ನೆ ಬರುವುದು ಮರಳುವ ವೈರು. ಈಗ ಕನೆಕ್ಟರನ್ನು ಮತ್ತೆ ಹಾಕಿ, ಎಂಜಿನ್ ಬಿಸಿಯಿರುವಾಗ ನಿಲ್ಲಿಸಿ, ಇಗ್ನಿಷನ್ ಮಾತ್ರ ಹಾಕಿ. ಮೀಟರಿನ ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್‌ನಲ್ಲಿರಲಿ, ಕೆಂಪು ಮೊನೆ ಕನೆಕ್ಟರಿನ ಹಿಂಬದಿಯಿಂದ ಮರಳುವ ವೈರಿಗೆ ತಗುಲಲಿ. ಅಲ್ಲಿ 0.05 ವೋಲ್ಟಿಗಿಂತ ಕಡಿಮೆ ಇರಬೇಕು. ಇಸಿಯುವಿನೊಳಗಿನ ರೆಸಿಸ್ಟರ್ 2,200 ಓಮಿನದಾಗಿದ್ದರೆ ಬಿಸಿ ಎಂಜಿನ್ನಿನಲ್ಲಿ ಹರಿಯುವ ಕರೆಂಟ್ ಸುಮಾರು 2 ಮಿಲಿಆಂಪಿಯರ್. 90 ಓಮ್ ಆ ವೈರಿನಲ್ಲಿದ್ದರೆ 0.18 ವೋಲ್ಟ್ ಕಾಣಬೇಕು. ಕಾಣದಿದ್ದರೆ ದೋಷ ಸಿಗ್ನಲ್ ವೈರಿನಲ್ಲಿದೆ.

ಇನ್ನೊಂದು ಮಾತು: ಕೆಲವು ಇಸಿಯುಗಳು ಸುಮಾರು 50 ಡಿಗ್ರಿ ದಾಟಿದೊಡನೆ ಒಳಗಿನ ರೆಸಿಸ್ಟರನ್ನು ಬದಲಾಯಿಸಿಕೊಳ್ಳುತ್ತವೆ. ಅಂಥ ಕಾರಿನಲ್ಲಿ ಸಿಗ್ನಲ್ ವೋಲ್ಟೇಜ್ ಇಳಿಯುತ್ತ ಬಂದು ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ. ಅದು ದೋಷವಲ್ಲ.

ನೀಲಿ ಹ್ಯಾಚ್‌ಬ್ಯಾಕ್

ಮರಳುವ ವೈರಿನಲ್ಲಿ 0.17 ವೋಲ್ಟ್ ಬಂತು. ಹೊಸೆದ ಜಾಗದಿಂದ ಇಸಿಯು ಕಡೆಗೆ ಸ್ವಲ್ಪ ಮುಂದೆ, ಅದೇ ವೈರಿನ ಹೊದಿಕೆಯೊಳಗೆ ಸೂಜಿ ಚುಚ್ಚಿ ಅಳೆದಾಗ 0.01 ವೋಲ್ಟ್. ಅಂದರೆ ದೋಷವಿರುವುದು ಟೇಪಿನ ಕೆಳಗಿನ ಆ ಜೋಡಣೆಯಲ್ಲಿಯೇ ಎಂದು ಖಚಿತವಾಯಿತು. ಇನ್ನು ಜೋಡಿಸುವ ವಿಧಾನವನ್ನು ತಿಳಿಸಿ. ವೈರು ಸೇರಿಸಿಯೇ ಬರುವ ಹೊಸ ಕನೆಕ್ಟರ್, ಅಂದರೆ ಪಿಗ್‌ಟೇಲ್, ಸಿಕ್ಕಿದೆ.

ಬೆಸುಗೆ ಕಡ್ಡಿ

ಬೆಸುಗೆ ಹಾಕಿ, ನಿಶ್ಚಿಂತರಾಗಿರಿ. ಎರಡು ವೈರುಗಳ ಎಳೆಗಳನ್ನು ಒಂದರೊಳಗೊಂದು ಸೇರಿಸಿ, ಎರಡೂ ಬದಿಗೆ ಬಿಗಿಯಾಗಿ ಸುತ್ತಿ, ರೋಸಿನ್ ತಿರುಳಿನ ಬೆಸುಗೆ ತಂತಿಯಿಂದ ಬೆಸೆದು, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದರೆ ರೋಧವೂ ಇರದು, ಗಾಳಿಯೂ ಹೋಗದು. ನಲ್ಲಿ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸನ್ನು ಮಾತ್ರ ಮುಟ್ಟಬೇಡಿ, ಅದು ತಾಮ್ರವನ್ನು ತಿನ್ನುತ್ತದೆ. ಕ್ರಿಂಪ್ ಸ್ಲೀವುಗಳನ್ನು (ವೈರಿನ ತುದಿಗಳನ್ನು ಒತ್ತಿ ಹಿಡಿಸುವ ಲೋಹದ ತುಣುಕುಗಳನ್ನು) ಅಗ್ಗದ ಇಕ್ಕಳದಲ್ಲಿ ಒತ್ತಿ ಮಾಡಿದ ಜೋಡಣೆಗಳು ಎಳೆದೊಡನೆ ಕೈಗೆ ಬಂದುಬಿಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹಳೆಯ ಸ್ಪ್ಯಾನರ್

ಬೆಸುಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬೆಸುಗೆ ಹಾಕುವಾಗ ಕರಗಿದ ಸೀಸ ಎಳೆಗಳ ನಡುವೆ ಇಂಗಿ, ಹೊದಿಕೆಯ ಒಳಕ್ಕೂ ಸ್ವಲ್ಪ ದೂರ ಹೋಗುತ್ತದೆ. ಅಷ್ಟು ಉದ್ದದ ವೈರು ಕಡ್ಡಿಯಂತೆ ಗಟ್ಟಿಯಾಗುತ್ತದೆ. ಎಂಜಿನ್ನಿನ ಅದುರಾಟದಲ್ಲಿ ಬಾಗುವಿಕೆಯೆಲ್ಲವೂ ಆ ಗಟ್ಟಿ ಭಾಗ ಮುಗಿಯುವ ಗೆರೆಯ ಮೇಲೆ ಬಿದ್ದು, ಎಳೆಗಳು ಒಂದೊಂದಾಗಿ ಅಲ್ಲಿ ತುಂಡಾಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಸರಿಯಾದ ಅಳತೆಯ ತೆರೆದ ಕ್ರಿಂಪ್ ತುಣುಕನ್ನು ಸರಿಯಾದ ಅಚ್ಚಿನ ಇಕ್ಕಳದಲ್ಲಿ ಒತ್ತಿದರೆ ಎಳೆಗಳು ಒಂದಕ್ಕೊಂದು ಬೆಸೆದಂತೆ ಒತ್ತಿಕೊಳ್ಳುತ್ತವೆ. ಕಾರು ತಯಾರಕರು ಟರ್ಮಿನಲ್‌ಗಳಿಗೆ ವೈರನ್ನು ಸೇರಿಸುವುದೂ ಕ್ರಿಂಪ್ ಮಾಡಿಯೇ.

ಬೆಸುಗೆ ಕಡ್ಡಿ

ವೈರು ಅಲುಗಾಡದಂತೆ ಬೆಸುಗೆಯ ಎರಡೂ ಬದಿಗೆ ಆಧಾರ ಕೊಟ್ಟರೆ ಆ ತೊಂದರೆ ಬರುವುದಿಲ್ಲ. ನಾನು ಬೆಸೆದ ಜೋಡಣೆಗಳ ಮೇಲೆ ಉದ್ದವಾದ ಸ್ಲೀವ್ ಹಾಕಿ ಹಾರ್ನೆಸ್ಸಿಗೆ, ಅಂದರೆ ಕಾರಿನ ವೈರುಗಳ ಕಟ್ಟಿಗೆ, ಕಟ್ಟಿಬಿಡುತ್ತೇನೆ.

ತಾಮ್ರದ ಎಳೆ

ಇಬ್ಬರೂ ತಮ್ಮ ತಮ್ಮ ಕೈಗೆ ಒಗ್ಗಿದ್ದನ್ನೇ ಹೇಳುತ್ತಿದ್ದೀರಿ, ತಪ್ಪೇನಿಲ್ಲ. ಎಂಜಿನ್ನಿನ ಮೇಲೆಯೇ ಕುಳಿತಿರುವ ಸೆನ್ಸರಿಗೆ ನಾನು ಕ್ರಿಂಪನ್ನೇ ಆರಿಸುತ್ತೇನೆ. ಕ್ರಿಂಪಿನ ಒಳ್ಳೆಯ ಇಕ್ಕಳ ಇಲ್ಲದವರು ಆಧಾರ ಕೊಟ್ಟ ಬೆಸುಗೆಯನ್ನು ಹಾಕುವುದು ಮೇಲು. ಕೆಟ್ಟ ಇಕ್ಕಳದ ಕ್ರಿಂಪ್, ಎಲ್ಲಕ್ಕಿಂತ ಕೀಳು. ವೈರಿನ ಹೊದಿಕೆಯನ್ನು ಸೀಳಿ ಕಚ್ಚಿಕೊಳ್ಳುವ ಕ್ಲಿಪ್ಪುಗಳಂತೂ ಬಾನೆಟ್ಟಿನ ಕೆಳಗೆ ಬೇಡವೇ ಬೇಡ, ಅವುಗಳಲ್ಲಿ ತೇವ ನಿಂತು ಇದೇ ಕಾಯಿಲೆ ಮರಳುತ್ತದೆ.

ಕೆಲಸದ ಕ್ರಮವನ್ನು ಹೇಳುತ್ತೇನೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ರೇಡಿಯೋಗೆ ಕೋಡ್ ಬೇಕಾಗುವ ಕಾರಾದರೆ ಅದನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ. ಹಳೆಯ ಜೋಡಣೆಗಿಂತ ಹಿಂದಕ್ಕೆ ವೈರನ್ನು ಕತ್ತರಿಸಿ, ತುದಿಯನ್ನು ಸುಲಿದು ಎಳೆಗಳ ಬಣ್ಣ ನೋಡಿ. ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸುತ್ತ ಹಿಂದೆ ಹೋಗಿ. ಕಪ್ಪಾದ ಅಥವಾ ಹಸಿರು ಕಿಲುಬು ಹಿಡಿದ ಎಳೆಯ ಮೇಲೆ ಕ್ರಿಂಪೂ ನಿಲ್ಲದು, ಬೆಸುಗೆಯೂ ಹಿಡಿಯದು. ವೈರು ಗಿಡ್ಡವಾದರೆ ಅದೇ ದಪ್ಪದ ವೈರನ್ನು ನಡುವೆ ಸೇರಿಸಿ. ಈ ಸರ್ಕ್ಯೂಟುಗಳಲ್ಲಿ ಸಾಮಾನ್ಯವಾಗಿ 0.5 ಚದರ ಮಿಲಿಮೀಟರ್ ಅಥವಾ ಅದರ ಆಸುಪಾಸಿನ ವೈರು ಇರುತ್ತದೆ, ಹೊದಿಕೆ ಮಾತ್ರ ಎಂಜಿನ್ನಿನ ಬಿಸಿಯನ್ನು ತಡೆಯುವಂಥದ್ದಾಗಿರಬೇಕು. ಮನೆಯ ವಿದ್ಯುತ್ ಕೆಲಸದ ವೈರು ಇಲ್ಲಿಗೆ ಆಗದು.

ಎರಡು ವೈರುಗಳ ಜೋಡಣೆಗಳು ಅಕ್ಕಪಕ್ಕದಲ್ಲಿ ಬಾರದಂತೆ, ಒಂದನ್ನು ಇನ್ನೊಂದಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಹಿಂದೆ ಇಡಿ. ಆಗ ಹಾರ್ನೆಸ್ ಒಂದೇ ಕಡೆ ಉಬ್ಬುವುದಿಲ್ಲ, ಮುಂದೆ ಹೊದಿಕೆ ಸವೆದರೂ ಎರಡು ಜೋಡಣೆಗಳು ಒಂದಕ್ಕೊಂದು ತಗುಲುವುದಿಲ್ಲ. ಸ್ಲೀವನ್ನು ವೈರಿಗೆ ಮೊದಲೇ ತೂರಿಸಿ, ಬೆಸುಗೆಯ ಬಿಸಿ ತಾಕದಷ್ಟು ದೂರ ಸರಿಸಿಡಿ. ಒಳಗೆ ಅಂಟಿನ ಪದರವಿರುವ ಸ್ಲೀವೇ ಆಗಬೇಕು. ಬಿಸಿ ಗಾಳಿಯಿಂದ ಕುಗ್ಗಿಸುವಾಗ ಎರಡೂ ತುದಿಯಲ್ಲಿ ಅಂಟು ಸಣ್ಣದಾಗಿ ಹೊರಗೆ ಉಕ್ಕಿ ಕಂಡರೆ ಜೋಡಣೆಗೆ ನೀರು ಹೋಗದು ಎಂದರ್ಥ. ಆಮೇಲೆ ಸುಕ್ಕುಕೊಳವೆಯೊಳಗೆ ವೈರನ್ನು ಸೇರಿಸಿ, ಬಿಸಿ ತಡೆಯುವ ಬಟ್ಟೆಯ ಟೇಪನ್ನು ಸುತ್ತಿ. ಎಕ್ಸಾಸ್ಟಿನಿಂದ ದೂರ ಹಾಯಿಸಿ, ಕನೆಕ್ಟರಿನ ಹತ್ತಿರ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ. ಎಂಜಿನ್ ತನ್ನ ಮೌಂಟುಗಳ ಮೇಲೆ ಓಲಾಡುತ್ತದೆ, ವೈರು ಬಿಗಿಯಾಗಿದ್ದರೆ ಪ್ರತಿ ಓಲಾಟವೂ ಕೊಕ್ಕೆಯನ್ನೇ ಎಳೆಯುತ್ತದೆ. ನಿಮ್ಮ ಕೊಕ್ಕೆ ಮುರಿಯಲು ಆ ಗಿಡ್ಡ ಜೋಡಣೆಯೂ ಕಾರಣವಾಗಿರಬಹುದು.

ಪಿಗ್‌ಟೇಲಿನ ವೈರುಗಳ ಬಣ್ಣ ನಿಮ್ಮ ಕಾರಿನ ಬಣ್ಣಕ್ಕೆ ಹೊಂದದಿದ್ದರೆ ಗಾಬರಿ ಬೇಡ. ಎರಡು ಪಿನ್ನಿನ ಥರ್ಮಿಸ್ಟರಿಗೆ ದಿಕ್ಕಿಲ್ಲ, ಅದಲುಬದಲಾದರೂ ಅದೇ ಅಂಕಿ ಬರುತ್ತದೆ. ಆದರೂ ಹಳೆಯ ಕನೆಕ್ಟರಿನಲ್ಲಿ ಯಾವ ಸ್ಥಾನದಲ್ಲಿ ಯಾವ ವೈರು ಇತ್ತೋ ಹಾಗೆಯೇ ಇಡಿ. ನಾಳೆ ವೈರಿಂಗ್ ನಕ್ಷೆ ಹಿಡಿದು ಕೂರುವವರಿಗೆ ಉಪಕಾರವಾಗುತ್ತದೆ. ಮರಳುವ ವೈರನ್ನು ಮಾತ್ರ ಸುಲಭವೆಂದು ಎಂಜಿನ್ನಿನ ಮೈಗೆ ಗ್ರೌಂಡ್ ಮಾಡಬೇಡಿ. ಸ್ಟಾರ್ಟರ್, ಆಲ್ಟರ್ನೇಟರ್‌ಗಳ ದೊಡ್ಡ ಕರೆಂಟುಗಳು ಹರಿಯುವ ಆ ದಾರಿಯಲ್ಲಿ ಬರುವ ಸಣ್ಣ ವೋಲ್ಟೇಜ್ ಏರಿಳಿತವೂ ಬಿಸಿ ಎಂಜಿನ್ನಿನ ಅರ್ಧ ವೋಲ್ಟಿನ ಸಿಗ್ನಲ್ಲನ್ನು ಕೆಡಿಸುತ್ತದೆ.

ನೀಲಿ ಹ್ಯಾಚ್‌ಬ್ಯಾಕ್

ಕೆಲಸ ಆರಂಭಿಸಿದೆ. ಹೊಸೆದ ಜಾಗದಲ್ಲಿ ಮರಳುವ ವೈರಿನ ಎಳೆಗಳು ಪೂರ್ತಿ ಹಸಿರಾಗಿದ್ದವು. ಇಸಿಯು ಕಡೆಗೆ ಸ್ವಲ್ಪವೇ ಕತ್ತರಿಸಿದೊಡನೆ ಶುದ್ಧ ತಾಮ್ರ ಸಿಕ್ಕಿತು. ಆದರೆ ಸೆನ್ಸರಿನ ಕಡೆಯ ತುಂಡನ್ನು ಉದ್ದಕ್ಕೂ ಸುಲಿದು ನೋಡಿದರೆ ಕನೆಕ್ಟರಿನವರೆಗೂ ಹಸಿರೇ ಇದೆ. ಹಳೆಯ ಕನೆಕ್ಟರಿನ ಒಳಗೆ ತೇವವೂ ಬಿಳಿಯ ಪುಡಿಯೂ ಇವೆ. ಟೇಪಿನ ಮೂಲಕ ಮಳೆನೀರು ಹೋಗಿರಬಹುದೇ?

ಹಳೆಯ ಸ್ಪ್ಯಾನರ್

ಮಳೆನೀರು ಟೇಪಿನ ಹತ್ತಿರ ಕಿಲುಬು ಹಿಡಿಸೀತು, ಕನೆಕ್ಟರಿನೊಳಗೆ ಬಿಳಿಯ ಪುಡಿಯನ್ನು ತರುವುದು ಅಪರೂಪ. ಸೆನ್ಸರಿನ ಪಿನ್ನುಗಳ ಬುಡವನ್ನು ಒರೆಸಿ ಒಣಗಿಸಿ, ಎಂಜಿನ್ ಓಡಿಸಿ ಬಿಸಿಮಾಡಿ, ನಿಲ್ಲಿಸಿದ ಮೇಲೆ ಟಾರ್ಚ್ ಹಾಕಿ ನೋಡಿ. ಕನೆಕ್ಟರ್ ಇಲ್ಲದೆ ಓಡಿಸುವಾಗ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆ ಪರೀಕ್ಷೆಗೆ ತೊಂದರೆಯಿಲ್ಲ. ಪಿನ್ನಿನ ಬುಡದಲ್ಲಿ ಮತ್ತೆ ತೇವ ಕಂಡರೆ ಸೆನ್ಸರಿನ ಒಳಗಿನ ಮುದ್ರೆ (ಸೀಲ್) ಒಡೆದು ಕೂಲಂಟ್ ಪಿನ್ನುಗಳ ಮೂಲಕ ಹೊರಗೆ ಒಸರುತ್ತಿದೆ ಎಂದು ಅರ್ಥ. ಒಳಗಿನ ಒತ್ತಡ ಅದನ್ನು ಕನೆಕ್ಟರಿಗೆ ನೂಕುತ್ತದೆ, ಅಲ್ಲಿಂದ ಅದು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಗಳ ನಡುವೆ ಏರಿಕೊಂಡು ವೈರಿನೊಳಕ್ಕೆ ಹೋಗುತ್ತದೆ. ಹಾಗಿದ್ದರೆ ಸೆನ್ಸರ್ ಬದಲಾಯಿಸದೆ ಹೊಸ ಕನೆಕ್ಟರ್ ಹಾಕುವುದು ವ್ಯರ್ಥ.

ಆ ತೇವವನ್ನು ಸಿಲಿಕೋನ್ ಸೀಲಂಟಿನಿಂದ ಮುಚ್ಚುವ ಯೋಚನೆ ಬೇಡ. ವಿನೆಗರ್ ವಾಸನೆ ಬರುವ ಬಗೆಯ ಸೀಲಂಟ್ ಒಣಗುವಾಗ ಬಿಡುವ ಆಮ್ಲ ತಾಮ್ರಕ್ಕೆ ಇನ್ನಷ್ಟು ಕಿಲುಬು ಹಿಡಿಸುತ್ತದೆ.

ನೀಲಿ ಹ್ಯಾಚ್‌ಬ್ಯಾಕ್

ನೀವು ಹೇಳಿದಂತೆಯೇ ಆಯಿತು. ಒಂದು ಪಿನ್ನಿನ ಬುಡದಲ್ಲಿ ಸಣ್ಣ ಹನಿ ಮೂಡಿತು. ಸೆನ್ಸರನ್ನೂ ತರಿಸುತ್ತಿದ್ದೇನೆ. ಕೂಲಂಟನ್ನು ಪೂರ್ತಿ ಖಾಲಿ ಮಾಡಬೇಕೇ? ಹೊಸ ಸೆನ್ಸರಿನ ದಾರಕ್ಕೆ (ತಿರುಪಿನ ಸುತ್ತುಗಳಿಗೆ) ಟೇಪ್ ಬೇಕೇ? ಕನೆಕ್ಟರಿನೊಳಗೆ ಗ್ರೀಸ್ ಹಾಕಬೇಕೇ?

ತಾಮ್ರದ ಎಳೆ

ಸೆನ್ಸರಿನ ಮಟ್ಟಕ್ಕಿಂತ ಕೆಳಗೆ ಇಳಿಯುವಷ್ಟು ಕೂಲಂಟನ್ನು ಶುಭ್ರವಾದ ಪಾತ್ರೆಗೆ ತೆಗೆದರೆ ಸಾಕು. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ: ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಸೆನ್ಸರಿನೊಂದಿಗೆ ರಬ್ಬರ್ ರಿಂಗ್ ಅಥವಾ ಲೋಹದ ವಾಷರ್ ಬಂದಿದ್ದರೆ ಸೋರಿಕೆ ತಡೆಯುವುದು ಅದೇ, ದಾರಕ್ಕೆ ಟೇಪ್ ಬೇಡ. ಹಳೆಯ ವಾಷರನ್ನು ಮತ್ತೆ ಬಳಸಬೇಡಿ. ಗೂಡು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಆಗಿದ್ದರೆ ಬಿಗಿತದಲ್ಲಿ ಕೈ ಹಗುರವಿರಲಿ. ಕೈಪಿಡಿಯಲ್ಲಿ ಹೇಳಿದ ಟಾರ್ಕನ್ನು ಮೀರಬೇಡಿ.

ಗ್ರೀಸಿನ ಬಗ್ಗೆ ಜನರಲ್ಲಿ ಒಮ್ಮತವಿಲ್ಲ. ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ವಿದ್ಯುತ್ ಹರಿಸುವ ವಸ್ತುವಲ್ಲ. ಕನೆಕ್ಟರಿನ ರಬ್ಬರ್ ಮುದ್ರೆಗೆ ತೆಳುವಾಗಿ ಸವರಿದರೆ ಅದು ಸಲೀಸಾಗಿ ಕೂರುತ್ತದೆ, ನೀರನ್ನೂ ತಡೆಯುತ್ತದೆ. ಟರ್ಮಿನಲ್‌ಗಳ ತುಂಬ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ.

ಕೂಲಂಟನ್ನು ತುಂಬುವಾಗ ಮೊದಲಿದ್ದ ಬಗೆಯದನ್ನೇ ತುಂಬಿ, ಗಾಳಿ ಹೊರಹೋಗುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕಾಯಿರಿ. ಸೆನ್ಸರಿನ ಸುತ್ತ ಗಾಳಿ ಉಳಿದರೆ ಅದು ದ್ರವವನ್ನು ಮುಟ್ಟದೆ ತಪ್ಪು ಅಂಕಿ ಕೊಡುತ್ತದೆ, ಆಗ ನೀವು ಒಳ್ಳೆಯ ವೈರನ್ನು ಮತ್ತೆ ಅನುಮಾನಿಸಬೇಕಾಗುತ್ತದೆ. ಮುಗಿದ ಮೇಲೆ ಮುಖ್ಯವಾದ ಪರೀಕ್ಷೆ ಬಿಸಿ ಎಂಜಿನ್ನಿನಲ್ಲಿ: ಎಸಿ ಹಾಕದೆ, ನಿಂತಲ್ಲಿಯೇ ಓಡಿಸಿ, ಫ್ಯಾನ್ ಯಾವ ಅಂಕಿಗೆ ತಿರುಗುತ್ತದೆ, ಯಾವ ಅಂಕಿಗೆ ನಿಲ್ಲುತ್ತದೆ ಎಂದು ನೋಡಿ.

ನೀಲಿ ಹ್ಯಾಚ್‌ಬ್ಯಾಕ್

ಹೊಸ ಸೆನ್ಸರ್, ಹೊಸ ಪಿಗ್‌ಟೇಲ್, ಎರಡೂ ಕೂತವು. ಸ್ನೇಹಿತರೊಬ್ಬರ ಬಳಿ ಒಳ್ಳೆಯ ಇಕ್ಕಳವಿದ್ದದ್ದರಿಂದ ಕ್ರಿಂಪನ್ನೇ ಮಾಡಿದೆ. ಸೆನ್ಸರನ್ನು ಹಾಕುವ ಮೊದಲು ಹೊಸ ಕನೆಕ್ಟರಿನ ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿದಾಗ ಸ್ಕ್ಯಾನರ್ 140 ತೋರಿಸಿತು. ಬಿಸಿಯಾದ ಮೇಲೆ ಮರಳುವ ವೈರಿನಲ್ಲಿ 0.01 ವೋಲ್ಟ್ ಇದೆ. ಕೂಲಂಟ್ 89, 90ರಲ್ಲಿ ನಿಲ್ಲುತ್ತದೆ, ನಿಂತಲ್ಲಿ ಓಡಿಸಿದಾಗ ಫ್ಯಾನ್ 97ಕ್ಕೆ ತಿರುಗಿ 92ಕ್ಕೆ ನಿಲ್ಲುತ್ತದೆ. ವೈರನ್ನು ಅಲುಗಾಡಿಸಿದರೂ ಅಂಕಿ ಕದಲುವುದಿಲ್ಲ. ಎಲ್ಲರಿಗೂ ಧನ್ಯವಾದಗಳು.

ಡೀಸೆಲ್ ಸವಾರ

ಇದೇ ಚರ್ಚೆಯಲ್ಲಿ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಡೀಸೆಲ್ ಕಾರಿನ ಕೂಲಂಟ್ ಸೆನ್ಸರಿಗೆ ನಾಲ್ಕು ಪಿನ್ನುಗಳಿವೆ, ಕನೆಕ್ಟರಿನ ಪ್ಲಾಸ್ಟಿಕ್ ಚೆನ್ನಾಗಿದೆ, ಒಂದು ಟರ್ಮಿನಲ್ ಮಾತ್ರ ಸಡಿಲವಾಗಿದೆ. ತಂತಿಯಿಂದ ಜೋಡಿಸುವ ಪರೀಕ್ಷೆಯನ್ನು ನಾನೂ ಮಾಡಬಹುದೇ? ಇಡೀ ಕನೆಕ್ಟರನ್ನು ಬದಲಾಯಿಸಲೇಬೇಕೇ?

ತಾಮ್ರದ ಎಳೆ

ನಾಲ್ಕು ಪಿನ್ ಎಂದರೆ ಸಾಮಾನ್ಯವಾಗಿ ಒಂದೇ ಮೈಯೊಳಗೆ ಎರಡು ಸೆನ್ಸರುಗಳು, ಒಂದು ಇಸಿಯುವಿಗೆ, ಇನ್ನೊಂದು ಮೀಟರಿನ ಮುಳ್ಳಿಗೆ. ವೈರಿಂಗ್ ನಕ್ಷೆಯಲ್ಲಿ ಯಾವ ಎರಡು ಪಿನ್ನುಗಳು ಇಸಿಯುವಿನ ಜೋಡಿ ಎಂದು ಖಚಿತಪಡಿಸಿಕೊಳ್ಳುವವರೆಗೆ ಯಾವುದನ್ನೂ ಜೋಡಿಸಬೇಡಿ. ಇಲ್ಲಿ ವೈರುಗಳ ಸ್ಥಾನ ಅದಲುಬದಲಾಗಲೂ ಬಾರದು.

ಟರ್ಮಿನಲ್ ಒಂದನ್ನೇ ಬದಲಾಯಿಸಬಹುದು. ಸೆನ್ಸರಿನ ಪಿನ್ನಿನಷ್ಟೇ ದಪ್ಪದ ಪಿನ್ನೊಂದನ್ನು ಪ್ರತಿ ಟರ್ಮಿನಲ್ಲಿಗೂ ತೂರಿಸಿ ಎಳೆದು ನೋಡಿ. ಒಂದು ಮಾತ್ರ ಹಿಡಿತವಿಲ್ಲದೆ ಜಾರಿ ಬಂದರೆ ದೋಷ ಅದರಲ್ಲಿಯೇ. ಬ್ಯಾಟರಿ ಕಳಚಿದ ಮೇಲೆ, ಕನೆಕ್ಟರಿನ ಮುಖದಲ್ಲಿರುವ ಎರಡನೆಯ ಲಾಕನ್ನು ಮೊದಲು ಎಳೆದು ಬಿಡಿಸಿ. ಆಮೇಲೆ ತೆಳುವಾದ ಉಪಕರಣದಿಂದ ಟರ್ಮಿನಲ್ಲನ್ನು ಹಿಡಿದಿರುವ ನಾಲಗೆಯನ್ನು ಒತ್ತಿ, ವೈರನ್ನು ಹಿಂದಿನಿಂದ ಮೆಲ್ಲನೆ ಎಳೆಯಿರಿ. ಬಲ ಹಾಕಬೇಕಾಗಿ ಬಂದರೆ ನಾಲಗೆ ಇನ್ನೂ ಬಿಟ್ಟಿಲ್ಲ ಎಂದು ತಿಳಿಯಿರಿ. ಹೊಸ ಟರ್ಮಿನಲ್ಲಿಗೆ ಕ್ರಿಂಪ್ ಮಾಡುವಾಗ ಮುಂದಿನ ರೆಕ್ಕೆಗಳು ಬರಿಯ ಎಳೆಗಳನ್ನೂ ಹಿಂದಿನ ರೆಕ್ಕೆಗಳು ರಬ್ಬರ್ ಮುದ್ರೆಯನ್ನೂ ಹಿಡಿಯಬೇಕು. ಮುದ್ರೆಯನ್ನು ವೈರಿಗೆ ಮೊದಲೇ ತೂರಿಸಿ. ಟರ್ಮಿನಲ್ ಒಳಗೆ ಕೂತಾಗ ಸಣ್ಣ ಸದ್ದು ಬರುತ್ತದೆ. ವೈರನ್ನು ಹಗುರವಾಗಿ ಎಳೆದು ನೋಡಿ, ನಂತರ ಎರಡನೆಯ ಲಾಕನ್ನು ಒತ್ತಿ. ಆ ಲಾಕ್ ಪೂರ್ತಿ ಕೂರದಿದ್ದರೆ ಟರ್ಮಿನಲ್ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ.